ಗುರುತಿನ ಕಾಲಂ

ನಮ್ಮ ಮನೆಯ ಲಗ್ನದ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದಾಗ ಅದರೊಳಗೆ ನನಗೆ ಪರಿಚಯದವರು ಒಬ್ಬರೂ ಕಾಣಲಿಲ್ಲ. ತಮಾಷೆ ಅಂದರೆ ಅಷ್ಟೂ ಹೆಸರು ಹೇಳಿದವಳು ನಾನೇ. ಮೆಂತ್ಯೆಪಲ್ಲೆ ಸೋಸುತ್ತ ಕೂತು ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡು ಹೇಳಿದ್ದೆ. ಮಗಳು ಸುಜಾತಾ ಕಂಪ್ಯೂಟರಿನಲ್ಲಿ ಹೊಡೆದುಕೊಂಡಿದ್ದಳು. ಮದುಮಗಳೂ ಆಕೆಯೇ, ಪಟ್ಟಿ ಮಾಡುವವಳೂ ಆಕೆಯೇ. ಹುನಗುಂದದ ಒಂದು ಆಫೀಸಿನಲ್ಲಿ ದಿನವಿಡೀ ಎಕ್ಸೆಲ್ ಶೀಟ್ ನೋಡುವವಳಿಗೆ ತನ್ನ ಲಗ್ನವೂ ಚೌಕಳಿಯೊಳಗೆ ಕೂತರೇ ಸಮಾಧಾನ. ನನಗೆ ಗೊತ್ತಿದ್ದ ಚೌಕಳಿ ಇಳಕಲ್ಲ ಸೀರೆಯದೊಂದೇ. ಅದನ್ನು ಉಡಬಹುದು, ಇದನ್ನು ಓದಬೇಕು.

ಪಟ್ಟಿಯಲ್ಲಿ ಏನಿತ್ತು? ಹೆಸರು, ಸೆಕ್ಟರ್, ಮನೆ ನಂಬರ್, ಮೊಬೈಲ್. ಅದನ್ನು ಹಿಡಿದು ನಮ್ಮ ಮನೆಯವರು ಸ್ಕೂಟರ್ ಮೇಲೆ ಕಾರ್ಡು ಹಂಚಿ ಬಂದಿದ್ದರು. ಅವರಿಗೆ ಅಡಚಣೆಯಾಗಲಿಲ್ಲ, ನಂಬರ್ ನೋಡಿದರು, ಬಾಗಿಲು ಬಡಿದರು. ಇನ್ನು ನನ್ನ ಪಾಳಿ. ಅರಿಷಿಣ ಕುಟ್ಟುವ ದಿನಕ್ಕೆ ಹೆಣ್ಣುಮಕ್ಕಳನ್ನು ಬಾಯಿಂದಲೇ ಕರೆಯಬೇಕು. ಯಾರನ್ನು ಕರೆಯುವುದು? ಪಟ್ಟಿಯಲ್ಲಿದ್ದವರೆಲ್ಲ ದವಾಖಾನೆಯ ಚೀಟಿ ಹಿಡಿದು ಸಾಲಿನಲ್ಲಿ ನಿಂತವರ ಹಾಗೆ ಕಂಡರು.

ನಾವು ಬಾಗಲಕೋಟೆಯವರು. ಹಳೇ ಊರಿನ ನಮ್ಮ ಓಣಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದೆವು. ಇಲ್ಲಿ ರಸ್ತೆ ಅಗಲ, ಅಂಗಳಕ್ಕೆ ಬಿಸಿಲು ಬರುತ್ತದೆ, ಪೂಜೆಗೆ ಹೂವಿನ ಗಿಡ ಹಚ್ಚಲು ಜಾಗ ಇದೆ. ಶಿವ ಕೊಟ್ಟದ್ದನ್ನು ಕಡಿಮೆ ಅನ್ನಬಾರದು. ಆದರೆ ಮನುಷ್ಯರನ್ನು ನಂಬರಿನಿಂದ ನೆನೆಯುವುದು ಮಾತ್ರ ನನಗೆ ಇನ್ನೂ ಬಂದಿಲ್ಲ.

"ಇದರಾಗ ಇನ್ನೊಂದು ಕಾಲಂ ಹಾಕು," ಅಂದೆ.

"ಎದರದು?"

"ಯಾರವರು ಅಂತ."

"ಹೆಸರು ಐತೆಲ್ಲ ಬೇ."

"ಹೆಸರು ಐತಿ. ಗುರುತು ಎಲ್ಲೈತಿ?"

ಸುಜಾತಾ ಕಾಲಂ ಹಾಕಿದಳು. ಜಾಗ ಸಿಕ್ಕದ್ದೇ ತಡ, ನನ್ನ ಬಾಯಿ ನಿಲ್ಲಲಿಲ್ಲ. 'ನಮ್ಮ ಅತ್ತಿ ಜೋಡಿ ಶ್ರೀಶೈಲಕ್ಕ ನಡದು ಹೋದವರು.' 'ಇವರ ಉಪ್ಪಿನಕಾಯಿ ಎಂದೂ ಕೆಟ್ಟಿಲ್ಲ.' 'ಬಾದಾಮಿಯಿಂದ ಬಂದ ಸೊಸಿ, ಮಾತು ಕಡಿಮಿ, ಎರಡು ಸಲ ಕರೀಬೇಕು.' ಕಾಲಂ ಉಬ್ಬುತ್ತ ಉಬ್ಬುತ್ತ ಕಾಗದದ ಅಂಚು ದಾಟಿತು. ನಮ್ಮ ಮನೆಯವರು ಅದನ್ನು ನೋಡಿ ಇದು ಪಟ್ಟಿ ಅಲ್ಲ, ಪುರಾಣ ಅಂದರು. ಅಂದವರು ಚಹಾ ಆರುವ ತನಕ ಕೂತು ಪುರಾಣವನ್ನೆಲ್ಲ ಓದಿದರು.

ಹೀಗೆ ಒಬ್ಬೊಬ್ಬರ ಗುರುತು ಹೇಳುತ್ತ ಬಸವ್ವ ಅಂಗಡಿ ಅನ್ನುವ ಹೆಸರಿಗೆ ಬಂದೆವು. ಬಾವಿ ಬಸವ್ವನೋ, ಗಿರಣಿ ಬಸವ್ವನೋ ಎಂದು ಕೇಳಿದೆ. ಸುಜಾತಾಳ ಕೈ ನಿಂತಿತು.

ಅಂಗಡಿ ಮನೆತನದ ಸೊಸೆಯಂದಿರು, ನೆಗೆಣ್ಣಿಯರಿಬ್ಬರೂ ಬಸವ್ವರೇ. ಹಳೇ ಓಣಿಯಲ್ಲಿ ಒಬ್ಬಾಕೆಯ ಮನೆ ಬಾವಿಯ ಎದುರು, ಇನ್ನೊಬ್ಬಾಕೆಯದು ಹಿಟ್ಟಿನ ಗಿರಣಿಯ ಪಕ್ಕ. ಒಂದೇ ಹೆಸರು ಎರಡು ಸಲ ಬಂದದ್ದಕ್ಕೆ, ಅವ್ವ ಮರೆತು ಮತ್ತೆ ಹೇಳಿದ್ದಾಳೆ ಎಂದು ಸುಜಾತಾ ಒಂದನ್ನು ಅಳಿಸಿಬಿಟ್ಟಿದ್ದಳು. ಕಾರ್ಡು ಬಾವಿ ಬಸವ್ವನಿಗೆ ಹೋಗಿತ್ತು. ಗಿರಣಿ ಬಸವ್ವನಿಗೆ ಹೋಗಿರಲಿಲ್ಲ. ನಮ್ಮ ಓಣಿಯ ಯಾವ ಲಗ್ನದಲ್ಲೂ ಅರಿಷಿಣ ಕುಟ್ಟುವ ಮೊದಲ ಹಾಡು ಆಕೆಯದು. ನಾನು ಸೊಸೆಯಾಗಿ ಬಂದಾಗಲೂ ಆಕೆಯೇ ಹಾಡಿದ್ದು. ಕರೆಯದೆ ಬರುವ ಜೀವವಲ್ಲ ಅದು. ಮನಸ್ಸಿಗೆ ನೋವು ಹತ್ತಿದರೆ ಕರೆದರೂ ಬರುವುದಿಲ್ಲ.

ಮಗಳಿಗೆ ಬೈಯಲು ಬಾಯಿ ಬರಲಿಲ್ಲ. ಓಣಿ ಬಿಟ್ಟಾಗ ಅವಳು ತೊಟ್ಟಿಲಲ್ಲಿದ್ದಳು. ಬಾವಿಯನ್ನೂ ಕಂಡಿಲ್ಲ, ಗಿರಣಿಯನ್ನೂ ಕಂಡಿಲ್ಲ. ಮಠದ ಪ್ರವಚನದಲ್ಲಿ ಕೇಳಿದ್ದು ನೆನಪಾಯಿತು: ಶರಣರು ಒಬ್ಬ ಶಿವನನ್ನೇ ತಮ್ಮ ತಮ್ಮ ಅಂಕಿತದಿಂದ ಕರೆದರು. ಕಂಪ್ಯೂಟರಿಗೆ ಕೊಟ್ಟರೆ ಅಷ್ಟೂ ದೇವರನ್ನು ಬೇರೆ ಬೇರೆ ಎಂದು ಎಣಿಸೀತು, ನಮ್ಮ ಇಬ್ಬರು ಬಸವ್ವರನ್ನು ಒಂದು ಮಾಡೀತು. ಪಾಪ, ಯಾರೂ ಹೇಳದಿದ್ದರೆ ಅದಕ್ಕಾದರೂ ಹೇಗೆ ತಿಳಿಯಬೇಕು? ಐಹೊಳೆಯ ಎಷ್ಟೋ ಗುಡಿಗಳಿಗೆ ದೇವರ ಹೆಸರಿಲ್ಲ, ಒಂದು ಕಾಲಕ್ಕೆ ಅದರೊಳಗೆ ಸಂಸಾರ ಮಾಡಿದವರ ಹೆಸರಿದೆ. ಅಲ್ಲಿ ದೇವರ ಮನೆಗೇ ನೆರೆಹೊರೆಯವರ ಗುರುತು ಬೇಕಾಯಿತು.

ಕಾರ್ಡು ಒಂದು ಉಳಿದಿತ್ತು. ಅದೇ ಪುಣ್ಯ ಅಂದುಕೊಂಡು, ಕುಂಕುಮದ ಭರಣಿ, ತೆಂಗಿನಕಾಯಿ ಹಿಡಿದು ತಾಯಿಮಗಳು ಅವತ್ತೇ ಹೋದೆವು. ಗಿರಣಿ ಬಸವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಬಾ ಅನ್ನಲಿಲ್ಲ. ಮೊರದಲ್ಲಿ ಕೇರುತ್ತಲೇ ಹೇಳಿದಳು.

"ನಿನ್ನಿ ನಮ್ಮ ನೆಗೆಣ್ಣಿ ಕಾರ್ಡು ತಂದು ತೋರಿಸಿ ಹೋದಳು. ಬಣ್ಣ ಚಲೋ ಐತಿ ಅಂದೆ."

ಸುಜಾತಾ ಆಕೆಯ ಕಾಲ ಹತ್ತಿರ ಹೋಗಿ ಕೂತಳು.

"ನಾನ ಅಳಿಸಿದ್ದು ಆಯಿ. ನೀವಿಬ್ಬರೂ ಒಬ್ಬಾಕಿ ಅಂತ ತಿಳಕೊಂಡೆ."

"ಒಬ್ಬಾಕಿ ಆಗಿದ್ರ ಇಷ್ಟು ವರ್ಷ ನಾ ಯಾರ ಜೋಡಿ ಜಗಳಾಡಿದೆ?"

ಮೊರ ಕೇರುವುದು ನಿಂತಿತು. ಸುಜಾತಾ ಮೊಬೈಲ್ ತೆಗೆದು, ಈಗ ಸರಿ ಮಾಡಿದ್ದೇನೆ ಎಂದು ಪಟ್ಟಿ ತೋರಿಸಿದಳು. ಏನು ಬರೆದಿದ್ದೀ ಓದು ಎಂದು ಆಕೆ ಕೇಳಿದಳು. ಸುಜಾತಾ ಓದಿದಳು: "ಗಿರಣಿ ಬಸವ್ವ. ಮೊದಲ ಹಾಡು ಇವರದು. ಇವರು ಬರೂತನಕ ಯಾರೂ ಒನಕಿ ಎತ್ತಬಾರದು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಜೋಳದ ಧೂಳೇ ಇರಬೇಕು ಎಂದು ನಾನು ಬೇರೆ ಕಡೆ ನೋಡಿದೆ. ಆಮೇಲೆ ಹೇಳಿದಳು:

"ಹಾಡಿನ ಮಾತು ಹಂಗ ಇರ್ಲಿ. ಹೆಸರು ತಿದ್ದು. ಗಿರಣಿ ಎಲ್ಲೈತಿ ಈಗ? ಇಲ್ಲಿ ನನಗ ಎಲ್ಲಾರೂ ಟಾಕಿ ಬಸವ್ವ ಅಂತಾರ."

ತಲೆ ಎತ್ತಿದೆ. ಆಕೆಯ ಮನೆಯ ಹಿಂದೆಯೇ ಸೆಕ್ಟರಿನ ನೀರಿನ ಟಾಕಿ, ಆಕಾಶಕ್ಕೆ ಹಚ್ಚಿದ ಹಾಗೆ ನಿಂತಿತ್ತು. ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇನೋ. ನಾನು ಮುಳುಗಿದ ಓಣಿಯನ್ನು ಕಾಲಂನೊಳಗೆ ಜೋಪಾನ ಮಾಡುತ್ತ ಕೂತಿದ್ದೆ; ಇವರು ನನಗೆ ಹೇಳದೆ ಕೇಳದೆ ಇಲ್ಲೊಂದು ಓಣಿ ಮಾಡಿಕೊಂಡುಬಿಟ್ಟಿದ್ದರು. ಸುಜಾತಾ ಅಲ್ಲೇ ತಿದ್ದಿದಳು. ನಾನು ಕುಂಕುಮ ಹಚ್ಚಿದೆ. ಆಕೆ ಒಳಗೆ ಕರೆದು ಬೆಲ್ಲ, ನೀರು ಕೊಟ್ಟಳು.

ಬರುವಾಗ ದಾರಿಯಲ್ಲಿ ಸುಜಾತಾಳನ್ನು ಕೇಳಿದೆ, ನಮ್ಮ ಸೆಕ್ಟರಿನವರು ನನ್ನನ್ನು ಏನಂತ ಕರೆಯುತ್ತಾರೆ ಎಂದು. ಅವಳು ನಕ್ಕಳು. ಗೊತ್ತಿದ್ದೂ ಹೇಳಲಿಲ್ಲ ಅನ್ನುವುದು ಆ ನಗುವಿನಲ್ಲೇ ತಿಳಿಯಿತು. ಒತ್ತಾಯ ಮಾಡಲಿಲ್ಲ. ಬೆನ್ನ ಹಿಂದೆ ಏನೋ ಒಂದು ಹೆಸರಿದೆ ಅಂದ ಮೇಲೆ, ಶಿವನ ದಯೆ, ನಾನೂ ಈ ಊರಿನವಳಾದೆ.