ಹಳೇದನ್ನ ತೆಗಿ

ಚೆನ್ನೈನ ಪೋರೂರಿನ ಒಂದು ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವ ಕೆಲಸ ನನ್ನದು. ಹದಿನೆಂಟು ವರ್ಷವಾಯಿತು. ಸೇರಿದ ಹೊಸದರಲ್ಲಿ ಹುಮ್ಮಸ್ಸಿತ್ತು. ಯಾರೂ ಕೇಳದಿದ್ದರೂ ಪುಸ್ತಕ ಓದಿ ಕಲಿತು, ಕಂಪ್ಯೂಟರಿನಲ್ಲಿ ಒಂದು ಡೇಟಾಬೇಸ್ ಕಟ್ಟಿದೆ. ಆ ಹುಮ್ಮಸ್ಸಿಗೆ ಈಗಲೂ ದಂಡ ತೆರುತ್ತಿದ್ದೇನೆ. ಏನೇ ಕೆಟ್ಟರೂ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ.

ವ್ಯವಸ್ಥೆ ಸರಳವಾಗಿದೆ. ಹೆಸರು, ಸರದಿ, ತೂಕ ಇವುಗಳ ಪಟ್ಟಿಗಳೆಲ್ಲ ಸರ್ವರಿನ ಒಂದೇ ಫೈಲಿನಲ್ಲಿವೆ. ರಿಸೆಪ್ಷನ್ನಿನ ಕಂಪ್ಯೂಟರಿನಲ್ಲೂ ವಾರ್ಡಿನ ಕಂಪ್ಯೂಟರಿನಲ್ಲೂ ಇರುವುದು ಬರೀ ಲಿಂಕು, ಅಂದರೆ ಆ ಫೈಲು ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ ಎಂಬ ಪೂರ್ತಿ ವಿಳಾಸ. ಫೈಲು ಜಾಗ ಬದಲಿಸಿತೆಂದರೆ ಪ್ರತಿಯೊಂದು ಕಂಪ್ಯೂಟರಿನ ಮುಂದೆ ಕೂತು, ಒಂದೊಂದು ಪಟ್ಟಿಗೂ ಹೊಸ ವಿಳಾಸ ತೋರಿಸಿಕೊಡಬೇಕು. ಎರಡು ಮೂರು ವರ್ಷಕ್ಕೊಮ್ಮೆ ಶೋಳಿಂಗನಲ್ಲೂರಿನ ಐಟಿ ಕಂಪನಿಯಿಂದ ಯಾರೋ ಟೈ ಕಟ್ಟಿಕೊಂಡು ಬಂದು ಸರ್ವರ್ ಬದಲಿಸಿ, ‘ಎಲ್ಲ ಮುಗಿಯಿತು’ ಎಂದು ಕೈಕುಲುಕಿ ಹೋಗುತ್ತಾರೆ. ನನ್ನ ಕೆಲಸ ಶುರುವಾಗುವುದೇ ಆಗ.

ಇನ್ನು ತೂಕದ ವಿಷಯ. ಕಿಡ್ನಿ ಸೋತವರ ಮೈಯಲ್ಲಿ ನೀರು ನಿಲ್ಲುತ್ತದೆ, ಯಂತ್ರ ಅದನ್ನು ತೆಗೆಯುತ್ತದೆ. ನೀರು ಹೋದಮೇಲೆ ಆ ಮನುಷ್ಯ ಎಷ್ಟು ತೂಗಬೇಕು ಎಂದು ಡಾಕ್ಟರು ಗೊತ್ತುಮಾಡಿರುತ್ತಾರೆ. ನಾವು ಅದನ್ನು ಒಣ ತೂಕ ಅನ್ನುತ್ತೇವೆ. ಊಟ ಸೇರಿ ಮೈ ತುಂಬಿಕೊಂಡವರಿಗೆ ಆ ಅಂಕಿಯನ್ನು ಏರಿಸಬೇಕು. ಏರಿಸದೆ ಹಳೆಯ ಅಂಕಿಗೇ ನೀರು ಎಳೆದರೆ ಬಿಪಿ ಇಳಿದು, ಕಾಲು ಸೆಟೆದುಕೊಂಡು, ಮನುಷ್ಯ ಕಣ್ಣೆದುರೇ ಕುಸಿಯುತ್ತಾನೆ. ಒಮ್ಮೆ ನೋಡಿದ್ದೇನೆ, ಮತ್ತೆ ನೋಡುವ ಆಸೆಯಿಲ್ಲ.

ಈ ಸಲ ಸರ್ವರ್ ಬದಲಾದಾಗ ನಾನು ರಿಸೆಪ್ಷನ್ನಿನ ಲಿಂಕುಗಳನ್ನೆಲ್ಲ ಸರಿಪಡಿಸಿದೆ. ಅಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದೆ. ವಾರ್ಡಿನ ಕಂಪ್ಯೂಟರು ಮರೆತೇ ಹೋಯಿತು. ಅದು ಕೆಟ್ಟು ನಿಂತಿದ್ದರೆ ನೆನಪಾಗುತ್ತಿತ್ತು, ಆದರೆ ಹಳೆಯ ಸರ್ವರಿನಲ್ಲಿ ಹಳೆಯ ಫೋಲ್ಡರ್ ಇನ್ನೂ ಇತ್ತಲ್ಲ, ವಾರ್ಡಿನ ಕಂಪ್ಯೂಟರು ತನ್ನ ಪಾಡಿಗೆ ಹಳೆಯ ಫೈಲಿನಲ್ಲೇ ಬರೆಯುತ್ತ ಹೋಯಿತು. ಡಾಕ್ಟರು ಹೇಳಿದ ಹೊಸ ತೂಕಗಳನ್ನು ನರ್ಸ್ ಒಂಬತ್ತು ದಿನ ಅದರಲ್ಲೇ ತುಂಬಿದರು. ಕಾಗದ ಬಳಸಬೇಡಿ ಎಂದು ಮೇಲಿನವರ ಆಜ್ಞೆ ಬೇರೆ ಇತ್ತು.

ಗೊತ್ತಾದದ್ದು ಭಾನುವಾರ. ಅಂದು ಡಯಾಲಿಸಿಸ್ ಇರುವುದಿಲ್ಲ, ಯಂತ್ರಗಳನ್ನು ತೊಳೆಯುತ್ತಾರೆ. ರಿಸೆಪ್ಷನ್ನಿನಲ್ಲಿದ್ದ ನನ್ನ ಸಹೋದ್ಯೋಗಿ ಸೋಮವಾರದ ಪಟ್ಟಿಯನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ನರ್ಸಿಗೆ ತೋರಿಸಿದಳಂತೆ. ಅವರು ನೋಡಿ, ಇದರಲ್ಲಿರುವುದೆಲ್ಲ ಹಳೆಯ ತೂಕ ಅಂದರಂತೆ. ಅವಳು ನನಗೆ ಫೋನ್ ಮಾಡಿದಳು. ವಾರ್ಡಿನ ಲಿಂಕು ಬದಲಿಸಿಲ್ಲವೆಂದು ನನಗೆ ತಕ್ಷಣ ಹೊಳೆಯಿತು. ತಟ್ಟೆಯಲ್ಲಿದ್ದ ಇಡ್ಲಿಯನ್ನು ಅರ್ಧಕ್ಕೆ ಬಿಟ್ಟು ಕ್ರೋಂಪೇಟೆಯಲ್ಲಿ ಬಸ್ ಹತ್ತಿದೆ.

ರಿಸೆಪ್ಷನ್ನಿನ ಈ ಹುಡುಗಿಯ ಮನೆಯವರು ನಮ್ಮ ಕಡೆಯವರೇ ಅನ್ನಬೇಕು, ಆದರೆ ಮೂರು ತಲೆಮಾರಿನಿಂದ ಚೆನ್ನೈನಲ್ಲೇ ಬಟ್ಟೆ ವ್ಯಾಪಾರ. ಹಣೆಗೆ ವಿಭೂತಿ, ಮನೆಯಲ್ಲಿ ಕನ್ನಡ, ಓದಿದ್ದು ತಮಿಳು. ಇಡೀ ಕೇಂದ್ರದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಮೈಸೂರಿನವನಾದ ನನಗೆ ಅವಳೊಡನೆ ಎರಡು ಮಾತು ಆಡಿದರೆ ದಿನದ ಆಯಾಸ ಸ್ವಲ್ಪ ಇಳಿಯುತ್ತಿತ್ತು. ಅದಕ್ಕೇ ಹಟ ಹಿಡಿದು ಅವಳ ಜೊತೆ ಕನ್ನಡವನ್ನೇ ಆಡುತ್ತಿದ್ದೆ.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಅವಳಿಗೆ ಮತ್ತೆ ಫೋನ್ ಮಾಡಿದೆ. ಹಳೆಯ ಫೈಲಿಗೆ ಕೊನೆಯ ಬಾರಿ ಯಾವತ್ತು ಬರೆದಿದ್ದಾರೆ ಎಂಬ ತಾರೀಖು ನೋಡಿಸಬೇಕಿತ್ತು. ಸುತ್ತ ಹಾರನ್ನುಗಳ ಗಲಾಟೆ.

“ನೋಡಮ್ಮ, ಸರ್ವರಲ್ಲಿ ಹಳೇ ಫೋಲ್ಡರ್ ಇದ್ಯಲ್ಲ, ಅದನ್ನ ತೆಗಿ. ನಾನ್ ಬರ್ತಾ ಇದೀನಿ” ಎಂದೆ.

“ಸರಿ ಸರ್” ಅಂದಳು.

ನಾನು ಒಳಗೆ ಕಾಲಿಟ್ಟಾಗ ಅವಳು ಕೆಲಸ ಮುಗಿಸಿದ ಸಮಾಧಾನದಲ್ಲಿ ಕೂತಿದ್ದಳು.

“ತೆಗೆದ್ಯೇನಮ್ಮ? ತಾರೀಖು ಯಾವುದಿದೆ?”

“ತೆಗೆದ್ಬಿಟ್ಟೆ ಸರ್. ಈಗ ಅಲ್ಲಿ ಒಣ್ಣುಮೇ ಇಲ್ಲ. ಕ್ಲೀನ್.”

ಕುರ್ಚಿ ಎಳೆದುಕೊಂಡು ನಾನೇ ನೋಡಿದೆ. ಫೋಲ್ಡರ್ ಇರಲಿಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿರುವುದನ್ನು ಅಳಿಸಿದರೆ ಅದು ನಮ್ಮ ಕಂಪ್ಯೂಟರಿನ ಕಸದ ಬುಟ್ಟಿಗೂ ಬರುವುದಿಲ್ಲ. ಹಳೆಯ ಸರ್ವರಿಗೆ ಬ್ಯಾಕಪ್ ದಂಡ ಎಂದು ಅದನ್ನೂ ನಿಲ್ಲಿಸಿದ್ದರು. ವಾರ್ಡಿನ ಕಂಪ್ಯೂಟರು ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಅಳಿಸಲು ಬಿಡುತ್ತಿರಲಿಲ್ಲ. ಭಾನುವಾರವಾದ್ದರಿಂದ ಅದೂ ಆರಿತ್ತು.

“ಯಾಕಮ್ಮ ಅಳಿಸ್ದೆ? ತೆಗಿ ಅಂದ್ನಲ್ಲ ನಾನು!” ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು.

“ತೆಗಿ ಅಂದ್ರೆ ತಮಿಳಲ್ಲಿ ಎಡು, ತೆಗೆದು ಹಾಕು ಅಂತ ತಾನೇ ಸರ್?” ಅವಳ ಕಣ್ಣು ತುಂಬಿಬಂತು. “ನಮ್ಮನೇಲಿ ಬಾಗಿಲಿಗೆ ಓಪನ್ ಮಾಡು ಅಂತಾರೆ. ಪಾತ್ರೆ ತೆಗಿ, ಬಟ್ಟೆ ತೆಗಿ ಅಂದ್ರೆ ಎತ್ತಿ ಆ ಕಡೆ ಹಾಕೋದು. ಮತ್ತೆ ನೀವೇ ಲಿಂಕ್ ಸರಿ ಮಾಡಿದ್ ದಿನ ಹೇಳಿದ್ರಲ್ಲ, ಹಳೇದು ಇನ್ ಬೇಡ, ಆಮೇಲೆ ತೆಗೆಯೋಣ ಅಂತ?”

ಹೇಳಿದ್ದೆ. ಅದೇ ಕುರ್ಚಿಯಲ್ಲಿ ಕೂತು, ಅದೇ ಮಾತಿನಲ್ಲಿ ಹೇಳಿದ್ದೆ. ನಾವು ಬಾಗಿಲನ್ನೂ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ, ಮೈಯಿಂದ ನೀರನ್ನೂ ತೆಗೆಯುತ್ತೇವೆ. ಐವತ್ತಾರು ವರ್ಷ ಆಡಿದ ಭಾಷೆಯಲ್ಲಿ ಇಂಥದ್ದೊಂದು ಗುಂಡಿ ಇದೆಯೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಓಪನ್ ಎಂಬ ಒಂದು ಇಂಗ್ಲಿಷ್ ಪದ ಬಳಸಿದ್ದರೆ ಎಲ್ಲ ಉಳಿಯುತ್ತಿತ್ತು. ಕನ್ನಡದ ಹಟ ನನ್ನದು, ಕಣ್ಣೀರು ಅವಳದು. ನನಗೆ ನಾಚಿಕೆಯಾಯಿತು.

ನರ್ಸ್ ನೆನಪು ಮಾಡಿಕೊಂಡು, ತೂಕ ಬದಲಾದವರು ಏಳು ಜನ ಎಂದರು. ಹೆಸರುಗಳು ನೆನಪಿದ್ದವು, ಅಂಕಿಗಳಿರಲಿಲ್ಲ. ನಾನೂ ಅವಳೂ ಫೋನ್ ಹಿಡಿದು ಕೂತೆವು. ಒಬ್ಬರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು. ಇನ್ನೊಬ್ಬರ ಸೊಸೆಗೆ ಬಾಯಿಪಾಠವಿತ್ತು. ಒಬ್ಬಾಕೆಯಂತೂ ಹೋದ ವರ್ಷದಿಂದ ಬದಲಾದ ಪ್ರತಿಯೊಂದು ತೂಕವನ್ನೂ ಒಪ್ಪಿಸಿ, ಯಾಕೆ ಕೇಳುತ್ತಿದ್ದೀರಿ ಎಂದು ನನ್ನನ್ನೇ ತನಿಖೆ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಆರು ಜನರದ್ದು ಸಿಕ್ಕಿತು.

ಏಳನೆಯವರು ಒಬ್ಬ ಟೈಲರ್. ಅವರ ಫೋನ್ ಆಫ್ ಆಗಿತ್ತು. ಸಂಜೆಯೂ ಆಫ್. ಪಟ್ಟಿಯಲ್ಲಿ ಅವರ ಹಳೆಯ ತೂಕ ಐವತ್ತೆರಡು ಕಿಲೋ. ಏರಿದ್ದು ಎಷ್ಟಕ್ಕೆ ಎಂದು ಡಾಕ್ಟರಿಗೂ ಖಚಿತವಿರಲಿಲ್ಲ. ಐವತ್ತಮೂರೂವರೆ ಇರಬಹುದು, ಐವತ್ತನಾಲ್ಕೂವರೆಯೂ ಇರಬಹುದು ಅಂದರು. ಸೋಮವಾರದ ಮೊದಲ ಸರದಿ ಅವರದೇ.

ಮರುದಿನ ಆರು ಗಂಟೆಗೆ ನಾನು ಗೇಟಿನಲ್ಲಿ ನಿಂತಿದ್ದೆ. ಅವಳೂ ಬಂದಿದ್ದಳು, ಬಾ ಎಂದು ನಾನೇನೂ ಹೇಳಿರಲಿಲ್ಲ. ಮೈಕೈಯೆಲ್ಲ ನೋಯುತ್ತಿತ್ತು. ಇದೊಂದು ಅಂಕಿ ಸಿಕ್ಕರೆ ಸಾಕು, ಈ ಕೆಲಸ ಯಾರಾದರೂ ಮಾಡಿಕೊಳ್ಳಲಿ, ಮನೆಯಲ್ಲಿ ಬಿದ್ದುಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಆಟೋ ಬಂತು. ಟೈಲರ್ ನಿಧಾನವಾಗಿ ಇಳಿದರು. ನನ್ನನ್ನು ಕಂಡು ನಕ್ಕು ಕೈ ಎತ್ತಿದರು. ಫೋನ್ ನೀರಿಗೆ ಬಿದ್ದು ಹಾಳಾಯಿತೆಂದು ಅವರಾಗಿಯೇ ಹೇಳಿದರು. ನಾನು ಹತ್ತಿರ ಹೋಗಿ, ಡಾಕ್ಟರು ಹೋದ ವಾರ ಹೇಳಿದ ಹೊಸ ತೂಕ ಎಷ್ಟು, ನೆನಪಿದೆಯೇ ಎಂದು ತಮಿಳಿನಲ್ಲಿ ಕೇಳಿದೆ.

ಊರಿನವರ ಎದೆ, ಸೊಂಟ, ತೋಳುಗಳ ಅಳತೆಯನ್ನೆಲ್ಲ ಜೀವಮಾನವಿಡೀ ಬರೆದಿಟ್ಟುಕೊಂಡ ಮನುಷ್ಯ ಅವರು. ಸ್ವಲ್ಪ ಯೋಚಿಸಿ, ತಲೆಯಾಡಿಸಿ, ಯಾವ ಅನುಮಾನವೂ ಇಲ್ಲದೆ ಅಂದರು:

“ನೀಂಗ ಎಳುದಿ ವೆಚ್ಚಿರುಪ್ಪೀಂಗಳೇ ಸಾರ್.”

ನೀವು ಬರೆದಿಟ್ಟಿರುತ್ತೀರಲ್ಲ ಸಾರ್, ಎಂದು. ಹದಿನೆಂಟು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಇಷ್ಟು ಹೊಗಳಿರಲಿಲ್ಲ. ಪಕ್ಕದಲ್ಲಿ ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಕೈ ಅಡ್ಡ ಹಿಡಿದೆ.

“ಬರೆದಿಟ್ಟಿದ್ದೆ ಅಯ್ಯಾ. ನಾನೇ ಕಳೆದುಬಿಟ್ಟೆ” ಎಂದೆ, ಅವರಿಗೆ ತಿಳಿಯುವ ತಮಿಳಿನಲ್ಲಿ. “ಡಾಕ್ಟರು ಒಳಗೇ ಇದ್ದಾರೆ. ಇವತ್ತು ಮತ್ತೆ ಮೊದಲಿನಿಂದ ನೋಡುತ್ತಾರೆ. ಅವರು ನೋಡುವವರೆಗೆ ಯಂತ್ರ ಹಾಕುವುದಿಲ್ಲ.”

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಒಳಗೆ ಬಂದು ಚಪ್ಪಲಿ ಬಿಟ್ಟರು, ಜೇಬಿನಿಂದ ಅಳತೆ ಟೇಪನ್ನೂ ಕೀಲಿಕೈಯನ್ನೂ ತೆಗೆದು ಅವಳ ಕೈಗಿತ್ತರು, ನನ್ನ ಭುಜ ಹಿಡಿದುಕೊಂಡು ತೂಕದ ಯಂತ್ರ ಹತ್ತಿದರು. ಅಂಕಿ ನಿಂತಮೇಲೂ ಭುಜದ ಮೇಲಿನ ಕೈ ತೆಗೆಯಲಿಲ್ಲ. ಅವಳು ಪೆನ್ನು ಕೈಗೆತ್ತಿಕೊಂಡು, ಬೇಡವೆಂದು ಆಜ್ಞೆಯಾಗಿದ್ದ ಕಾಗದದ ಮೇಲೆ ಆ ಅಂಕಿಯನ್ನು ದೊಡ್ಡದಾಗಿ ಬರೆದುಕೊಂಡಳು.