ರಾಜಿ ಇಲ್ಲದ ರಾಜೀನಾಮೆ

ಖಾದರ್ ಸಾಹೇಬರು ಸಹಿ ಹಾಕುವವನ ಮುಖ ನೋಡುತ್ತಿರಲಿಲ್ಲ, ಅವನನ್ನು ಕರೆತಂದವರ ಮುಖ ನೋಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಹಿರಿಯೂರು ತಾಲೂಕು ಕಚೇರಿ ಎದುರು ಬೇವಿನ ಮರದಡಿ ಕೂತು ಅರ್ಜಿ ಬರೆಯುತ್ತಿದ್ದ ಈ ಮನುಷ್ಯನಿಗೆ ಇಡೀ ಲೋಕದ ಮೇಲೆ ಗುಮಾನಿ. ಚಹಾ ಕೊಡಿಸಿದರೆ "ಯಾಕ್ರಿ, ಏನಾಗ್ಬೇಕಿತ್ತು?" ಎನ್ನುತ್ತಿದ್ದರು. ಪದಗಳನ್ನೂ ನಂಬುತ್ತಿರಲಿಲ್ಲ. "ಪ್ರತಿ ಮಾತಿಗೂ ಒಂದು ಹುಟ್ಟೂರು ಐತೆ. ವಿಚಾರಿಸ್ದೆ ಒಳಗೆ ಬಿಟ್ಕಬ್ಯಾಡ್ರಿ" ಎಂಬುದು ಅವರ ಬುದ್ಧಿವಾದ. ಯಾರಾದರೂ ಅರ್ಜಿಗೆ 'ಸ್ವಇಚ್ಛೆಯಿಂದ' ಎಂದು ಸೇರಿಸಲು ಹೇಳಿದರೆ ಪೆನ್ನು ಕೆಳಗಿಡುತ್ತಿದ್ದರು. "ಇಷ್ಟ ಇದ್ದೋನು ಅದನ್ನ ಯಾಕ್ರಿ ಬರೆಸ್ತಾನೆ?"

ನಾನು ಆಗ ಐಮಂಗಲದ ಹತ್ತಿರದ ಒಂದು ಹಳ್ಳಿ ಪಂಚಾಯಿತಿಯಲ್ಲಿ ಸೆಕ್ರೆಟರಿ. ಚೇರ್ಮನ್ ಈರಣ್ಣ ಕುರಿ ಸಾಕುವವನು, ಓದು ಬರಹ ಬಾರದು, ಆದರೆ ಯಾರ ಮಾತಿಗೂ ಬಗ್ಗುವ ಆಳಲ್ಲ. ಆ ಕುರ್ಚಿಯ ಮೇಲೆ ವೈಸ್ ಚೇರ್ಮನ್‌ಗೆ ಕಣ್ಣು. ನನ್ನ ಕೆಲಸ ಕಾಯಂ ಮಾಡಿಸುವ ಆಸೆ ತೋರಿಸಿದ, ನಾನು ಬಿದ್ದೆ. ಬಾವಿ ಮಂಜೂರಿಗೆ ಅರ್ಜಿ ಎಂದು ಸುಳ್ಳು ಹೇಳಿ, ವೈಸ್ ಚೇರ್ಮನ್, ಅವನ ಕಡೆಯ ಇಬ್ಬರು, ನಾನು, ಹೀಗೆ ನಾಲ್ವರು ಈರಣ್ಣನನ್ನು ಬಸ್ಸು ಹತ್ತಿಸಿ ಹಿರಿಯೂರಿಗೆ ತಂದೆವು. ನನ್ನ ಅಕ್ಷರ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಬೇರೆ ಕೈಯಲ್ಲಿ ಬರೆಸಿದರೆ ಕ್ಷೇಮ ಎಂದುಕೊಂಡೆ.

"ಚೇರ್ಮನ್‌ದು ಒಂದು ರಾಜೀನಾಮೆ ಬರೀರಿ" ಎಂದು ಸಾಹೇಬರ ಕಿವಿಯಲ್ಲಿ ಉಸುರಿದೆ. ಅವರು ಬೇಕೆಂದೇ ದನಿ ಎತ್ತರಿಸಿದರು.

"ರಾಜೀನಾಮೆನಾ? ಅದು ಪಾರಸಿ ಮಾತು. ರಾಜಿ ಅಂದ್ರೆ ಒಪ್ಪಿಗೆ, ನಾಮಾ ಅಂದ್ರೆ ಕಾಗದ. ಅಧಿಕಾರ ಬಿಡೋನು 'ನಂಗೆ ಒಪ್ಪಿಗೆ ಐತೆ' ಅಂತ ಕೊಡೋ ಕಾಗದ. ಒಬ್ಬನ ಒಪ್ಪಿಗೆಗೆ ನಾಲ್ಕು ಜನ ಯಾಕ್ ಬಂದೀರಿ, ಹೆಣ ಹೊರಾಕಾ?" ಆಮೇಲೆ ಈರಣ್ಣನತ್ತ ತಿರುಗಿ, "ಏನಪ್ಪ, ಚೇರ್ಮನ್‌ಗಿರಿ ಬಿಡಾಕೆ ನೀನು ರಾಜಿ ಇದ್ದೀಯಾ?" ಎಂದರು.

ವೈಸ್ ಚೇರ್ಮನ್ ಅವಸರದಲ್ಲಿ ಈರಣ್ಣನ ಹೆಬ್ಬೆಟ್ಟಿಗೆ ಆಗಲೇ ಮಸಿ ಹಚ್ಚಿಸಿದ್ದ. ಈರಣ್ಣ ಆ ಮಸಿಯನ್ನು ಕಂಬಳಿಗೆ ಒರೆಸಿಕೊಂಡು ನನ್ನನ್ನೇ ನೋಡಿದ.

"ಬಾವಿ ಅರ್ಜಿ ಅಂದ್ರಲ್ಲ. ನೀವೂನಾ, ಸೆಕ್ರೆಟ್ರೀ?"

ರಾಜೀನಾಮೆ ಬರೆಸದೆಯೇ ನಾವು ನಾಲ್ವರು ಬಸ್ಸು ಹತ್ತಿದೆವು. ಅವತ್ತಿನಿಂದ ನಾನು ಯಾವ ಕಾಗದ ಮುಂದಿಟ್ಟರೂ ಈರಣ್ಣ ಅದನ್ನು ಹಿರಿಯೂರಿಗೆ ಒಯ್ದು, ಸಾಹೇಬರಿಂದ ಓದಿಸಿಕೊಂಡೇ ಹೆಬ್ಬೆಟ್ಟು ಒತ್ತುತ್ತಿದ್ದ. ಬೇಡ ಎನ್ನುವ ಮುಖ ನನಗಿರಲಿಲ್ಲ.

ಎರಡು ವರ್ಷದ ಮೇಲೆ, ಹೊಸದುರ್ಗಕ್ಕೆ ವರ್ಗವಾದಾಗ, ಸಾಹೇಬರ ಬಳಿ ಹೋಗಿ ತಡೆಯಲಾರದೆ ಕೇಳಿದೆ: "ನನ್ನ ಮೇಲೆ ನೀವು ಯಾಕೆ ದೂರು ಬರೀಲಿಲ್ಲ?"

"ಬರೀಲಿಲ್ಲ ಅಂತ ಯಾರಂದ್ರು? ಅವತ್ತೇ ಬರೆದೆ, ಇನ್ನೂ ನನ್ನ ಪೆಟ್ಟಿಗೇಲಿ ಐತೆ. ಈರಣ್ಣ ಹೆಬ್ಬೆಟ್ಟು ಒತ್ತಲಿಲ್ಲ. 'ಅವ್ನಿಗೂ ಹೆಂಡ್ತಿ ಮಕ್ಳು ಅವೆ ಸಾಹೇಬ್ರೆ' ಅಂದ."

ಅದೇ ಕೊನೆಯ ಭೇಟಿ. ಮರುವರ್ಷ ಸಾಹೇಬರು ತೀರಿಕೊಂಡ ಸುದ್ದಿ ಬಂತು. ಆ ದೂರು ಈಗ ಯಾರ ಕೈ ಸೇರಿತೋ ಎಂಬುದೇ ನನಗೆ ಮೊದಲು ಹೊಳೆದದ್ದು. ದುಃಖ, ನಾಚಿಕೆ ಎಲ್ಲ ಆಮೇಲೆ ಬಂದವು.