ದನಕ್ಕೆ ಅಂಜುತ್ತಿದ್ದ ಟೀಚರ್

ನಾನು ದನದ ಡಾಕ್ಟರಾಗಲು ಕಾರಣರಾದವರು ದನಕ್ಕೆ ಅಂಜುತ್ತಿದ್ದರು. ಖಾನಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಬೆಳಗಾವಿಯ ಟೀಚರ್ ಅವರು. ಪಿಯುಸಿಯಲ್ಲಿ ನನ್ನ ಅಂಕ ನೋಡಿ ಮನೆಯವರೆಲ್ಲ ಪಶುವೈದ್ಯ ಸೀಟಿನ ಆಸೆ ಬಿಟ್ಟಾಗ ಟೀಚರ್ ಮಾತ್ರ, "ಮಾರ್ಕ್ಸ್ ಹೋದ್ರ ಹೋಗ್ಲಿ, ಕೈ ಅದಾವಿಲ್ಲೋ?" ಎಂದರು. ರೈತರ ಮಕ್ಕಳಿಗೆ ಮೀಸಲಾದ ಸೀಟುಗಳಿಗೆ ಬೇರೆ ಪ್ರಾಯೋಗಿಕ ಪರೀಕ್ಷೆಯಿದೆ, ಅದರಲ್ಲಿ ಗೆದ್ದರೆ ದಾರಿಯಿದೆ ಎಂದು ಅವರಿಗೆ ಗೊತ್ತಿತ್ತು.

ಆ ಪರೀಕ್ಷೆಗೆ ನನ್ನನ್ನು ತಯಾರು ಮಾಡಲು ಪ್ರತಿ ರವಿವಾರ ಪಾರಿಶ್ವಾಡದ ನಮ್ಮ ಮನೆಗೆ ಬಸ್ಸಿನಲ್ಲಿ ಬರುತ್ತಿದ್ದರು. ಕೊಟ್ಟಿಗೆಯ ಹೊರಗೇ ನಿಂತು, ಕೊಡೆಯ ತುದಿಯಿಂದ ಮೇವು, ಬೀಜ, ಕೂರಿಗೆ ತೋರಿಸಿ ಪ್ರಶ್ನೆ ಕೇಳುವರು. ನಾನು ತಡವರಿಸಿದರೆ, "ಕೈ ಅದಾವಿಲ್ಲೋ? ಮುಟ್ಟಿ ನೋಡವಾ." ತಾವು ಮಾತ್ರ ಏನನ್ನೂ ಮುಟ್ಟುತ್ತಿರಲಿಲ್ಲ.

ಒಂದು ರವಿವಾರ, ಅಪ್ಪ ಸಂತೆಯಿಂದ ಹೊಸದಾಗಿ ತಂದಿದ್ದ ಎಮ್ಮೆ ಹಗ್ಗ ಬಿಚ್ಚಿಕೊಂಡು ಹಿಂದಿನಿಂದ ಬಂದು ಅವರ ಸೆರಗು ಮೆಲ್ಲತೊಡಗಿತು. ನಾನು ಬಿಡಿಸಲು ಓಡಿದೆ. ಟೀಚರ್ ಕಣ್ಣು ಬಿಗಿಯಾಗಿ ಮುಚ್ಚಿ, ಕೊಡೆ ಅವಚಿಕೊಂಡು ನಿಂತಿದ್ದರು.

"ಸೆರಗ ಆಮ್ಯಾಲ. ಬಾಯಿ ತಗದೈತಿ, ಹಲ್ಲ ನೋಡಿ ವಯಸ್ಸ ಹೇಳು."

ಎಮ್ಮೆಯ ತುಟಿ ಸರಿಸಿ ನೋಡಿದೆ. "ಹಾಲಹಲ್ಲ ಬಿದ್ದು ಆರು ದೊಡ್ಡ ಹಲ್ಲ ಬಂದಾವ ರೀ, ಟೀಚರ್. ನಾಕೂವರಿ ವರ್ಷ ಇರಬೇಕ್ರಿ."

"ಬರೋಬ್ಬರಿ," ಎಂದರು, ಕಣ್ಣು ತೆರೆಯದೆ. "ಈಗ ಸೆರಗ ಬಿಡಸವಾ."